ಚರಣ ಪೀಟ್‌ದು, ಪಲ್ಲವಿ ಟಾಮ್‌ದು: ಬ್ಯಾಡ್‌ಫಿಂಗರ್ ಪ್ರಾಜೆಕ್ಟ್ ಎಲ್ಲಿಗೆ ಬಂತು

ಹೋದ್ಸಲ ಬರೆದಾಗ ಮೂರು ಹಾಡು ಮೂರು ತಿಂಗಳು ಅಂತ ಜಂಬ ಕೊಚ್ಚಿದ್ದೆ. ನಾಲ್ಕೂವರೆ ತಿಂಗಳಾಯ್ತು. ಮುಗಿದಿರೋದು ಒಂದು, ಕೈ ಬಿಟ್ಟಿದ್ದು ಒಂದು, ಇನ್ನೊಂದು ಇನ್ನೂ ಬೇಯ್ತಾ ಇದೆ.

ಹೊಸದಾಗಿ ಓದ್ತಿರೋರಿಗೆ: ಬ್ಯಾಡ್‌ಫಿಂಗರ್ ಅನ್ನೋ 1970ರ ಹೊತ್ತಿನ ಬ್ರಿಟಿಷ್ ರಾಕ್ ಬ್ಯಾಂಡಿನ ಮೂರು ಹಾಡನ್ನ ಮನೇಲೇ, ನಾಲ್ಕೇ ನಾಲ್ಕು ಟ್ರ್ಯಾಕಲ್ಲಿ (ಬೇರೆ ಬೇರೆ ರೆಕಾರ್ಡ್ ಮಾಡಿ ಒಟ್ಟಿಗೆ ಕೂರಿಸೋ ನಾಲ್ಕು ಪದರ ಅನ್ನಿ), ಕತ್ತರಿಸಿ ಅಂಟಿಸೋ ಕೆಲಸ ಮಾಡದೆ ರೆಕಾರ್ಡ್ ಮಾಡಬೇಕು ಅನ್ನೋದು ನನ್ನ ಹಠ. ಆ ಬ್ಯಾಂಡಿನಲ್ಲಿ ಹಾಡ್ತಾ ಗಿಟಾರ್ ನುಡಿಸ್ತಿದ್ದ ಪೀಟ್ ಹ್ಯಾಮ್ ಮನೇಲೇ ಟೇಪ್ ರೆಕಾರ್ಡರ್ ಇಟ್ಕೊಂಡು ಡೆಮೋ, ಅಂದ್ರೆ ಹಾಡಿನ ಕಚ್ಚಾ ರೆಕಾರ್ಡಿಂಗ್, ಮಾಡ್ತಿದ್ದ, ಅವನು ಹೋಗಿ ಇಪ್ಪತ್ತೆರಡು ವರ್ಷ ಆದ್ಮೇಲೆ, 1997ರಲ್ಲಿ, ಅದರಲ್ಲಿ ಕೆಲವು '7 ಪಾರ್ಕ್ ಅವೆನ್ಯೂ' ಅಂತ ಆಲ್ಬಮ್ ಆಗಿ ಬಂದ್ವು. ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ನಲ್ಲಿ ಬ್ಯಾಂಡ್‌ನೋರೆಲ್ಲ ಒಟ್ಟಿಗೆ ಇದ್ದ ಮನೆಯ ಅಡ್ರೆಸ್ಸೇ ಆಲ್ಬಮ್ಮಿನ ಹೆಸರು. ಅದನ್ನ ಕೇಳಿ ನನಗೂ ಹುಚ್ಚು ಹಿಡೀತು, ಅಷ್ಟೇ.

ನನಗೆ ಈ ಬ್ಯಾಂಡ್ ಗೊತ್ತಾಗಿದ್ದು ಬಹಳ ಜನಕ್ಕೆ ಗೊತ್ತಾದ ಹಾಗೇ, 2013ರಲ್ಲಿ 'ಬ್ರೇಕಿಂಗ್ ಬ್ಯಾಡ್' ಕೊನೇ ಎಪಿಸೋಡಿನ ಕೊನೇ ಸೀನಲ್ಲಿ 'ಬೇಬಿ ಬ್ಲೂ' ಬಂದಾಗ. ತಮಾಷೆ ಏನಂದ್ರೆ ಅದೇ ವರ್ಷ ಏಪ್ರಿಲ್ 27ಕ್ಕೆ, ಪೀಟ್ ಹುಟ್ಟಿದ ದಿನ, ವೇಲ್ಸ್‌ನ ಸ್ವಾನ್ಸೀ ಊರಲ್ಲಿ ರೈಲ್ವೆ ಸ್ಟೇಷನ್ ಪಕ್ಕದ ಐವೀ ಪ್ಲೇಸ್‌ನಲ್ಲಿ ಅವನ ಹೆಸರಿನ ನೀಲಿ ಫಲಕ ಹಾಕಿದ್ರು. ಬ್ಯಾಂಡಿನ ಮೊದಲ ಹೆಸರು 'ದಿ ಐವೀಸ್', ಆ ಬೀದಿ ಹೆಸರಿಂದಾನೇ ಬಂದಿದ್ದು. 1975ರಲ್ಲಿ ಹೋದವನಿಗೆ ಊರಲ್ಲಿ ಒಂದು ಫಲಕ ಬರೋಕೆ 38 ವರ್ಷ ಬೇಕಾಯ್ತು ಅನ್ನಿ.

ಮುಗಿದಿದ್ದು: 'ನೋ ಮ್ಯಾಟರ್ ವಾಟ್'

1970ರ ಹಾಡು, ಪೀಟ್ ಬರೆದಿದ್ದು, ಬೀಟಲ್ಸ್ ಜೊತೆ ಇದ್ದ ಮ್ಯಾಲ್ ಎವನ್ಸ್ ಪ್ರೊಡ್ಯೂಸ್ ಮಾಡಿದ್ದು, ಅಮೆರಿಕ ಇಂಗ್ಲೆಂಡ್ ಎರಡರಲ್ಲೂ ಟಾಪ್ ಟೆನ್. ಕಾಗದದ ಮೇಲೆ ನೋಡಿದ್ರೆ ಏನೂ ಇಲ್ಲ, ಮೂರು ನಿಮಿಷ, ಗಿಟಾರ್ ಕಲಿಯೋಕೆ ಶುರು ಮಾಡಿ ಆರು ತಿಂಗಳಾದೋರೂ ನುಡಿಸಬಹುದು. ಹಂಗಂದ್ಕೊಂಡು ಒಂದು ಶನಿವಾರ ಬೆಳಗ್ಗೆ ಕೂತವನು ಎದ್ದಿದ್ದು ಮೂರನೇ ಶನಿವಾರ. ಗಿಟಾರ್ ಒಂದಕ್ಕೇ ಅದು ನಿಲ್ಲಲ್ಲ, ಒಂದರ ಮೇಲೆ ಒಂದು ಅದೇ ಗಿಟಾರ್ ಕೂರಬೇಕು, ಎರಡೂ ಒಂದೇ ಕೈ ಅನ್ನೋ ಹಾಗೆ ಹೊಡೀಬೇಕು, ಸ್ವಲ್ಪ ಆಚೀಚೆ ಆದ್ರೆ ಮದುವೆ ಮನೆ ಆರ್ಕೆಸ್ಟ್ರಾ. ಕೊನೇಲಿ ಹಾಡು ಮುಗೀತು ಅನ್ನಿಸಿ ಮತ್ತೆ ಶುರುವಾಗುತ್ತಲ್ಲ, ಆ ಗ್ಯಾಪ್‌ನಲ್ಲಿ ನಮ್ಮನೆ ಕುಕ್ಕರ್ ಕೂಗಿದ ಟೇಕ್ ಒಂದಿದೆ, ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು, ಬೇಜಾರಲ್ಲೇ ಅಳಿಸಿದೆ.

ಗೆಳೆಯನೊಬ್ಬ ಕೇಳಿ 'ಬೀಟಲ್ಸ್ ಥರಾನೇ ಇದೆ' ಅಂದ. ಈ ಬ್ಯಾಂಡಿಗೆ ಅಂಟಿದ ಶನಿ ಇದೇ. 1968ರಲ್ಲಿ ಬೀಟಲ್ಸ್‌ದೇ ರೆಕಾರ್ಡ್ ಕಂಪನಿ ಆಪಲ್‌ಗೆ ಸೇರಿದ್ರು, ಮೊದಲ ದೊಡ್ಡ ಹಿಟ್ 'ಕಮ್ ಅಂಡ್ ಗೆಟ್ ಇಟ್' ಬರೆದಿದ್ದೂ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ, ಅವನೇ 1969ರ ಜುಲೈಯಲ್ಲಿ ಒಬ್ಬನೇ ಕೂತು ಡೆಮೋ ಮಾಡಿ ಇದೇ ಥರ ಹಾಡಿ ಅಂತ ಕೊಟ್ಟಿದ್ದು. ಬ್ಯಾಡ್‌ಫಿಂಗರ್ ಅನ್ನೋ ಹೆಸರು ಕೂಡ ಬೀಟಲ್ಸ್ ಹಾಡೊಂದಕ್ಕೆ ಮೊದಲು ಇಟ್ಟಿದ್ದ ಹೆಸರಿಂದ ಬಂದಿದ್ದು. ದೊಡ್ಡ ಮನೆ ಅಳಿಯ ಆದ್ರೆ ಇಷ್ಟೇ, ಏನ್ ಮಾಡಿದ್ರೂ ಮಾವನ ಹೆಸರು.

ಕೈ ಬಿಟ್ಟಿದ್ದು: 'ಡೇ ಆಫ್ಟರ್ ಡೇ'

ಇದರ ಜೀವ ಸ್ಲೈಡ್ ಗಿಟಾರಲ್ಲಿದೆ, ಅಂದ್ರೆ ಬೆರಳಿಗೆ ಕೊಳವೆ ಹಾಕ್ಕೊಂಡು ತಂತಿ ಮೇಲೆ ಜಾರಿಸಿ ನುಡಿಸೋದು. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಪ್ರೊಡ್ಯೂಸರ್, ಅವನೂ ಪೀಟೂ ಇಬ್ಬರೂ ಸ್ಲೈಡ್ ನುಡಿಸಿದಾರೆ, ಪಿಯಾನೋ ಲಿಯಾನ್ ರಸೆಲ್. ಗೋಟುವಾದ್ಯ ಕೇಳಿ ಬೆಳೆದ ಕಿವಿ ನಂದು, ಜಾರೋದು ಅಂದ್ರೆ ಗೊತ್ತು, ಎಷ್ಟು ಕಷ್ಟ ಇರಬಹುದು ಅಂತ ಬೈಕಿನ ಸ್ಪಾರ್ಕ್ ಪ್ಲಗ್ ಬಿಚ್ಚೋ ಸಾಕೆಟ್ಟನ್ನೇ ಬೆರಳಿಗೆ ಹಾಕ್ಕೊಂಡು ಶುರು ಮಾಡಿದೆ. ಭಾರಕ್ಕೆ ಬೆರಳು ಊದ್ಕೊಂತು. ಆಮೇಲೆ ಗ್ಲಾಸಿನ ಸ್ಲೈಡ್ ತಗೊಂಡೆ. ಸ್ವರದ ಮೇಲೆ ಕರೆಕ್ಟಾಗಿ ನಿಲ್ಲೋದು ಹೆಂಗೋ ಬಂತು, ಆದ್ರೆ ಇನ್ನೊಂದು ಸ್ಲೈಡ್ ಅದರ ಜೊತೆ ಹೆಜ್ಜೆ ಹಾಕಬೇಕಲ್ಲ, ನಾನೇ ನುಡಿಸಿದ್ದಕ್ಕೆ ನಾನೇ ಸೇರಿಸೋಕಾಗ್ಲಿಲ್ಲ. ಆರು ವಾರ ಆದ್ಮೇಲೆ ಸಾಕಪ್ಪಾ ಅಂತ ಬಿಟ್ಟೆ.

ಈ ಹಾಡಿರೋ ಆಲ್ಬಮ್ ಕತೇನೂ ಅರ್ಧಕ್ಕೆ ಬಿಟ್ಟಿದ್ದೇ. 'ಸ್ಟ್ರೇಟ್ ಅಪ್' ಕೆಲಸ ನಡೀತಿರೋವಾಗ ಹ್ಯಾರಿಸನ್‌ಗೆ ಪಂಡಿತ್ ರವಿಶಂಕರ್ ಕೇಳ್ಕೊಂಡಿದ್ದ, ಬಾಂಗ್ಲಾದೇಶದ ನೆರವಿನ ಸಂಗೀತ ಕಚೇರಿಯ ಕೆಲಸ ಬಂತು, ಅವನು ಹೋದ, ಕೊನೆಗೆ ಟಾಡ್ ರಂಡ್‌ಗ್ರೆನ್ ಬಂದು ಮುಗಿಸಿದ. ಆದ್ರೆ ಹ್ಯಾರಿಸನ್ ಇವರನ್ನೂ ಕಚೇರಿಗೆ ಕರ್ಕೊಂಡು ಹೋದ. 1971ರ ಆಗಸ್ಟ್ 1, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ರವಿಶಂಕರ್, ಅಲಿ ಅಕ್ಬರ್ ಖಾನ್ ಸಿತಾರ್ ಸರೋದ್ ಶ್ರುತಿ ಮಾಡ್ಕೊಂಡಿದ್ದಕ್ಕೇ ಜನ ಚಪ್ಪಾಳೆ ಹೊಡೆದ ಆ ಕಚೇರಿ ವಿಡಿಯೋ ನೀವು ನೋಡಿರ್ತೀರ, ಅದರಲ್ಲೇ ಮುಂದೆ ಹ್ಯಾರಿಸನ್ 'ಹಿಯರ್ ಕಮ್ಸ್ ದ ಸನ್' ಹಾಡೋವಾಗ ಪಕ್ಕದಲ್ಲಿ ಇನ್ನೊಂದು ಅಕೌಸ್ಟಿಕ್ ಗಿಟಾರ್ ಹಿಡ್ಕೊಂಡು ನಿಂತವನು ನಮ್ಮ ಪೀಟ್. ನಾನು ಆ ವಿಡಿಯೋ ಎಷ್ಟ್ ಸಲ ನೋಡಿದ್ನೋ, ಆ ಹುಡುಗ ಯಾರು ಅಂತ ಒಂದ್ಸಲಾನೂ ಕೇಳ್ಕೊಂಡಿರ್ಲಿಲ್ಲ.

ಬೇಯ್ತಿರೋದು: 'ವಿದೌಟ್ ಯು'

ಇದು ಎಲ್ಲರಿಗೂ ಗೊತ್ತು, ಆದ್ರೆ ಬ್ಯಾಡ್‌ಫಿಂಗರ್ ಹಾಡು ಅಂತ ಗೊತ್ತಿಲ್ಲ. ಹ್ಯಾರಿ ನಿಲ್ಸನ್ ಹಾಡಿದ್ದು 1972ರಲ್ಲಿ ಅಮೆರಿಕದಲ್ಲಿ ನಾಲ್ಕು ವಾರ, ಇಂಗ್ಲೆಂಡಲ್ಲಿ ಐದು ವಾರ ನಂಬರ್ ಒನ್. 1994ರಲ್ಲಿ ಮರಾಯಾ ಕ್ಯಾರಿ, ಅದೂ ಇಂಗ್ಲೆಂಡಲ್ಲಿ ನಂಬರ್ ಒನ್, ಅದು ರಿಲೀಸ್ ಆಗೋ ಹೊತ್ತಿಗೆ ನಿಲ್ಸನ್ ತೀರ್ಕೊಂಡು ಹೆಚ್ಚುಕಮ್ಮಿ ವಾರ ಆಗಿತ್ತು. ಮೂಲ ಹಾಡು 1970ರ 'ನೋ ಡೈಸ್' ಆಲ್ಬಮ್ಮಲ್ಲಿದೆ. ಇವರು ಅದನ್ನ ಸಿಂಗಲ್ ಕೂಡ ಮಾಡ್ಲಿಲ್ಲ, ಅಂದ್ರೆ ಆ ಹಾಡನ್ನ ಬೇರೆಯಾಗಿ ಬಿಡ್ಲೇ ಇಲ್ಲ.

ಹಾಡಿಸೋಕೆ ನಮ್ಮ ಅಕ್ಕನ ಮಗಳನ್ನ ಕರೆದೆ. ಸುಗಮ ಸಂಗೀತ ಕಲಿತವಳು, ಒಳ್ಳೆ ಗಂಟಲು. ಮೂಲ ಕೇಳಿಸಿದೆ. ಪೂರ್ತಿ ಕೇಳಿ 'ಮಾಮ, ಇದೇನು ಡೆಮೋನಾ?' ಅಂದ್ಲು. ತಪ್ಪೇನಿಲ್ಲ, ನಿಲ್ಸನ್ ಕೇಳಿ ಬಂದೋರಿಗೆ ಹಂಗೇ ಅನ್ಸೋದು. ಪಿಯಾನೋ ಇಲ್ಲ, ವಯಲಿನ್ ಪಡೆ ಇಲ್ಲ, ಗಿಟಾರು, ಆರ್ಗನ್ನು, ಯಾರೋ ರಾತ್ರಿ ಊಟ ಆದ್ಮೇಲೆ ಜಗಲಿ ಮೇಲೆ ಕೂತು ನಡೆದಿದ್ದು ಹೇಳ್ತಿರೋ ಹಾಗೆ. ಇವಳು ನಿಂತ್ಕೊಂಡು, ಕಣ್ಣು ಮುಚ್ಚಿ, ಮರಾಯಾ ಥರ ಏರಿಸಿದ್ಲು. ಚೆನ್ನಾಗೇ ಇತ್ತು. ಆದ್ರೆ ನನ್ನ ಪ್ರಾಜೆಕ್ಟ್ ಅದಲ್ಲ. 'ಸಣ್ಣಗೆ ಹಾಡು ಪುಟ್ಟಿ' ಅಂದೆ, ಸಣ್ಣಗೆ ಹಾಡಿದ್ರೆ ಚರಣ ಸರಿ ಹೋಗುತ್ತೆ, ಪಲ್ಲವಿಗೆ ಬಂದಾಗ ಸತ್ತು ಹೋಗುತ್ತೆ. ಪಲ್ಲವಿಗೆ ಜೋರು ಕೊಟ್ರೆ ಅಲ್ಲಿಗೆ ಹತ್ತೋಕೆ ಚರಣದಲ್ಲೇ ತಯಾರಿ ಶುರುವಾಗುತ್ತೆ, ಆ ಮಾತಾಡೋ ಗುಣ ಹೋಗುತ್ತೆ. ನಾಲ್ಕು ಭಾನುವಾರ ಇದೇ ಆಯ್ತು, ಅವಳಿಗೂ ಬೇಜಾರು, ನನಗೂ.

ಆಮೇಲೆ ಹಾಡು ಹುಟ್ಟಿದ ಕತೆ ನೆನಪಾಯ್ತು. ಪೀಟ್ ಹತ್ರ 'ಇಫ್ ಇಟ್ಸ್ ಲವ್' ಅಂತ ಒಂದು ಹಾಡಿತ್ತು, ಚರಣ ಚೆನ್ನಾಗಿತ್ತು, ಪಲ್ಲವಿ ಕೂತಿರ್ಲಿಲ್ಲ. ಅದೇ ಬ್ಯಾಂಡಿನ ಟಾಮ್ ಎವನ್ಸ್ ಹತ್ರ ಒಂದು ಪಲ್ಲವಿ ಇತ್ತು, ಚರಣ ಇರ್ಲಿಲ್ಲ. ಎರಡನ್ನೂ ಹೊಲಿದ್ರು. ಇಷ್ಟು ನನಗೆ ಮೊದಲೇ ಗೊತ್ತಿತ್ತು, ಆದ್ರೆ ತಲೆಗೆ ಹೊಳೀದೆ ಇದ್ದಿದ್ದು ಇದು: ರೆಕಾರ್ಡಲ್ಲಿ ಚರಣ ಹಾಡಿರೋದು ಪೀಟ್, ಪಲ್ಲವಿ ಹಾಡಿರೋದು ಟಾಮ್. ಪೀಟ್ ಎಲ್ಲಿಗೂ ಹತ್ತಬೇಕಾಗೇ ಇಲ್ಲ, ತನ್ನ ಪಾಡಿಗೆ ಹೇಳಿ ಮುಗಿಸ್ತಾನೆ, ಬಾಗಿಲು ತಕ್ಕೊಂಡು ಇನ್ನೊಬ್ಬ ಬರ್ತಾನೆ. ನಿಲ್ಸನ್ನು, ಮರಾಯಾ, ಆಮೇಲೆ ಟಿವಿ ಸ್ಪರ್ಧೆಗಳಲ್ಲಿ ಹಾಡೋ ಮಕ್ಕಳೆಲ್ಲ ಎರಡನ್ನೂ ಒಬ್ಬರೇ ಹಾಡ್ತಾರೆ, ಹೊಲಿಗೆ ಕಾಣದ ಹಾಗೆ ಇಸ್ತ್ರಿ ಆಗೋಗುತ್ತೆ, ಅದಕ್ಕೇ ಅದು ಗಂಟಲಿನ ಪರೀಕ್ಷೆ ಆಗಿರೋದು. ನನಗೆ ಆ ಹೊಲಿಗೇನೇ ಬೇಕು. (ನಿಲ್ಸನ್ ಹಾಡಿದ್ದೂ ಅದ್ಭುತವೇ, ಬೈಬೇಡಿ.)

ಸರಿ, ಚರಣ ನಾನು ಹಾಡ್ತೀನಿ, ಪಲ್ಲವಿ ನೀನು ಅಂದೆ. 'ಮಾಮ, ನೀನಾ?' ಅಂತ ಐದು ನಿಮಿಷ ನಕ್ಕಳು. ನಂದು ಒಡೆದ ಮಡಕೆ ಗಂಟಲು, ಎರಡು ಸ್ವರ ಮೇಲೆ ಹೋದ್ರೆ ಕೈ ಕೊಡುತ್ತೆ. ಆದ್ರೂ ಚರಣ ಮುಗಿಸಿ ನಾನು ಸುಮ್ಮನಾದಾಗ ಅವಳು ಎಳ್ಕೊಂಡಳಲ್ಲ, ಹೆಡ್‌ಫೋನಲ್ಲಿ ಮೈ ಜುಂ ಅಂತು. ಅವಳು ಜೋರಾಗೇ ಹಾಡಿದ್ದು, ಆದ್ರೆ ಈ ಸಲ ಅದು ಜೋರು ಅನ್ನಿಸ್ಲೇ ಇಲ್ಲ.

ಆ ರಾತ್ರಿ ನಿದ್ದೆ ಬರ್ಲಿಲ್ಲ. ಈ ಇಬ್ಬರ ಕತೆ ಗೊತ್ತಿದ್ದೋರಿಗೆ ಯಾಕೆ ಅಂತ ಗೊತ್ತಾಗುತ್ತೆ. 1970ರಲ್ಲಿ ಸ್ಟ್ಯಾನ್ ಪಾಲಿ ಅನ್ನೋ ಅಮೆರಿಕನ್ ಮ್ಯಾನೇಜರ್ ಕೈಗೆ ವ್ಯವಹಾರ ಕೊಟ್ರು, ಹಾಡಿನ ದುಡ್ಡೆಲ್ಲ ಅವನ ಕಂಪನಿಗೆ, ಇವರಿಗೆ ಸಂಬಳ. ಆಪಲ್ ಬಿಟ್ಟು ಇನ್ನೊಂದು ರೆಕಾರ್ಡ್ ಕಂಪನಿ ವಾರ್ನರ್‌ಗೆ ಹೋದ್ರು, 1974ರ ಕೊನೇಲಿ 'ವಿಶ್ ಯು ವರ್ ಹಿಯರ್' ಬಂತು. ಪಿಂಕ್ ಫ್ಲಾಯ್ಡ್‌ದಲ್ಲ, ಅದೇ ಹೆಸರಿನ ಅವರ ಆಲ್ಬಮ್ ಬಂದಿದ್ದು ಮರುವರ್ಷ. ಇವರ ಅತಿ ಒಳ್ಳೆ ಆಲ್ಬಮ್ ಅದು ಅಂತ ನನ್ನ ಲೆಕ್ಕ. ಅಷ್ಟರಲ್ಲಿ ವಾರ್ನರ್ ಕೊಟ್ಟಿದ್ದ ಅಡ್ವಾನ್ಸ್ ದುಡ್ಡು ಇರಬೇಕಾದ ಖಾತೇಲಿಲ್ಲ ಅಂತ ಗಲಾಟೆ ಎದ್ದು, ಕೇಸಾಗಿ, ಕೆಲವೇ ವಾರದಲ್ಲಿ ಆಲ್ಬಮ್ ಅಂಗಡಿಯಿಂದ ವಾಪಸ್. ಸಂಬಳ ನಿಂತೋಯ್ತು. ಪೀಟ್ ಹೊಸ ಮನೆ ತಗೊಂಡಿದ್ದ, ಅವನ ಹುಡುಗಿ ತುಂಬು ಗರ್ಭಿಣಿ. 1975ರ ಏಪ್ರಿಲ್ 24ಕ್ಕೆ ಜೀವ ಕಳ್ಕೊಂಡ, 28 ತುಂಬೋಕೆ ಮೂರು ದಿನ ಇತ್ತು. ಬರೆದಿಟ್ಟ ಚೀಟೀಲಿ ಮ್ಯಾನೇಜರ್ ಹೆಸರಿತ್ತು. ಮಗಳು ಹುಟ್ಟಿದ್ದು ಮುಂದಿನ ತಿಂಗಳು. ಟಾಮ್ 1983ರ ನವೆಂಬರ್ 19ರಂದು ಅದೇ ದಾರಿ ಹಿಡಿದ, ಆಗ್ಲೂ 'ವಿದೌಟ್ ಯು' ರಾಯಲ್ಟಿ ಜಗಳ ಬಗೆಹರಿದಿರ್ಲಿಲ್ಲ. ಹಾಡು ಬರೆದ ಇಬ್ಬರೂ ಹಿಂಗೆ. ಡ್ರಮ್ಮರ್ ಮೈಕ್ ಗಿಬಿನ್ಸ್ 2005ರಲ್ಲಿ, ಗಿಟಾರಿನ ಜೋಯಿ ಮಾಲಂಡ್ 2025ರ ಮಾರ್ಚಲ್ಲಿ ಹೋದ್ರು.

ಹ್ಯಾರಿಸನ್ ಪೀಟ್‌ಗೆ ತನ್ನ ಗಿಬ್ಸನ್ ಎಸ್‌ಜಿ ಗಿಟಾರ್ ಕೊಟ್ಟಿದ್ದ, 2004ರ ಹರಾಜಲ್ಲಿ ಅದು 5 ಲಕ್ಷ 67 ಸಾವಿರ ಡಾಲರಿಗೆ ಹೋಯ್ತು. ಆ ಅಂಕಿ ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ, ಇನ್ನೇನೂ ಹೇಳಲ್ಲ.

ಈಗಿನ ಸ್ಥಿತಿ: ನಾಲ್ಕು ಟ್ರ್ಯಾಕಲ್ಲಿ ಗಿಟಾರ್, ನನ್ನ ಚರಣ, ಅವಳ ಪಲ್ಲವಿ ಸೇರಿ ಮೂರು ತುಂಬಿದೆ. ಆರ್ಗನ್ ಹಾಕೋಕೆ ಜಾಗ ಇಲ್ಲ, ಇರೋದು ಒಂದೇ ಟ್ರ್ಯಾಕು, ಬೇಸ್ ಗಿಟಾರ್ ಇಲ್ದೆ ಪಲ್ಲವಿ ಕಾಲಿಲ್ಲದ ಮಂಚದ ಹಾಗಿದೆ. ಟಾಮ್ ಕೂಡ ಮೊದಲು ಗಿಟಾರಿಸ್ಟೇ, ಮೊದಲು ಬೇಸ್ ನುಡಿಸ್ತಿದ್ದ ರಾನ್ ಗ್ರಿಫಿತ್ಸ್ ಬಿಟ್ಟು ಹೋಗಿ ಜೋಯಿ ಬಂದ್ಮೇಲೆ ಬೇಸ್ ಹಿಡಿದವನು, ಹಂಗಾಗಿ ನಾನೂ ಹಿಡೀಬಹುದು ಅಂತ ಧೈರ್ಯ. ಪಕ್ಕದ ಬೀದಿ ಹುಡುಗನ ಹತ್ರ ಬೇಸ್ ಇದೆ, ಮೇಲಿನ ತಂತಿ ಹೋಗಿದೆಯಂತೆ. ಮೂರು ತಂತೀಲೇ ಆಗುತ್ತಾ ಅಂತ ಭಾನುವಾರ ಕರೆಂಟ್ ಇದ್ರೆ ನೋಡ್ತೀನಿ.