ಮಗ್ಗುಲಾಗಿ ಈಜುವ ಡಾಲ್ಫಿನ್ ಮತ್ತು ನಮ್ಮ ಸ್ಕ್ಯಾನಿಂಗ್ ಕೋಣೆ

ನಾನು ದಾವಣಗೆರೆಯಲ್ಲಿ ರೇಡಿಯಾಲಜಿ ಡಾಕ್ಟರ್. ಹೊಟ್ಟೆ ಸ್ಕ್ಯಾನಿಂಗ್ ಕಲಿಯಲು ಬರುವ ಜೂನಿಯರ್‌ಗಳಿಗೆ ಮೊದಲೇ ಗಂಗಾ ನದಿಯ ಡಾಲ್ಫಿನ್ ಬಗ್ಗೆ ಹೇಳಿಬಿಡುತ್ತೇನೆ. ಶಬ್ದದಿಂದ ನೋಡುವ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಮೇಷ್ಟ್ರು ನನಗೆ ಕಂಡಿಲ್ಲ.

ಅದಕ್ಕೆ ಕಣ್ಣು ಹೆಸರಿಗಷ್ಟೇ. ಒಳಗೆ ಲೆನ್ಸೇ ಇಲ್ಲ. ಕೆಸರು ನೀರಲ್ಲಿ ಕಣ್ಣಿದ್ದರೂ ಏನು ಕಾಣುತ್ತೆ ಅಲ್ವಾ? ಹಾಗಾಗಿ ಹಗಲು ರಾತ್ರಿ ಟಿಕ್ ಟಿಕ್ ಅಂತ ಶಬ್ದ ಬಿಡುತ್ತಲೇ ಇರುತ್ತದೆ, ಸುಮಾರು 60 ಕಿಲೋಹರ್ಟ್ಸ್‌ನಲ್ಲಿ. ನಮ್ಮ ಕಿವಿಗೆ 20 ದಾಟಿದರೆ ಕೇಳಿಸಲ್ಲ. ಹೊಟ್ಟೆಯ ಮೇಲೆ ಆಡಿಸಿ ಶಬ್ದ ಬಿಡುವ ನಮ್ಮ ಪ್ರೋಬ್ ಇನ್ನೂ ಮೇಲೆ, 2ರಿಂದ 5 ಮೆಗಾಹರ್ಟ್ಸ್, ಅಂದರೆ 2,000ರಿಂದ 5,000 ಕಿಲೋಹರ್ಟ್ಸ್. ಮೇಲೆ ಹೋದಷ್ಟೂ ವಿವರ ಜಾಸ್ತಿ, ದೂರ ಕಡಿಮೆ. ನಾವು ನೋಡಬೇಕಾದ್ದು ಒಂದು ಗೇಣು ಆಳ. ಡಾಲ್ಫಿನ್ ಹುಡುಕಬೇಕಾದ ಮೀನು ಎಷ್ಟೋ ಮೀಟರ್ ಆಚೆ ಇರುತ್ತದೆ.

‘ಈ ತಣ್ಣನೆ ಅಂಟು ಯಾಕೆ ಹಚ್ತೀರಿ ಡಾಕ್ಟ್ರೇ?’ ಅಂತ ರೋಗಿಗಳು ಕೇಳುತ್ತಾರೆ. ಪ್ರೋಬ್‌ಗೂ ಚರ್ಮಕ್ಕೂ ನಡುವೆ ಚೂರು ಗಾಳಿ ಉಳಿದರೂ ಶಬ್ದ ಅಲ್ಲಿಂದಲೇ ವಾಪಸ್. ಜೆಲ್ ಆ ಗಾಳಿಯನ್ನು ಓಡಿಸುತ್ತದೆ. ಡಾಲ್ಫಿನ್‌ಗೆ ಆ ಕೆಲಸ ಮಾಡುವುದು ಕೊಬ್ಬು. ಹಣೆಯ ಕೊಬ್ಬಿನ ಮೂಲಕ ಶಬ್ದ ನೀರಿಗೆ ಇಳಿಯುತ್ತದೆ, ಪ್ರತಿಧ್ವನಿ ಕೆಳದವಡೆಯ ಕೊಬ್ಬು ಹಾದು ಒಳಕಿವಿ ಸೇರುತ್ತದೆ. ಇನ್ನೊಂದು ಮಾತು. ಕರುಳಿನ ಗ್ಯಾಸ್ ನಮ್ಮ ದೊಡ್ಡ ಶತ್ರು, ಅದರ ಹಿಂದಿನದೇನೂ ಕಾಣಲ್ಲ. ಡಾಲ್ಫಿನ್‌ಗೆ ಅದೇ ಗಾಳಿ ನೆಂಟ. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲವೇ ಜೋರಾಗಿ ಪ್ರತಿಧ್ವನಿ ಕೊಟ್ಟು ಮೀನನ್ನು ಹಿಡಿದುಕೊಡುತ್ತದೆ.

ಆದರೆ ನಾನು ಹೇಳಬೇಕೆಂದಿರುವುದು ಅದರ ಅಭ್ಯಾಸದ ಬಗ್ಗೆ. ಅದು ಸುಮ್ನೆ ಒಂದೇ ಕಡೆ ಶಬ್ದ ಬಿಡುತ್ತಾ ಕೂರಲ್ಲ. ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಲೇ ಇರುತ್ತದೆ. ಮಗ್ಗುಲಾಗಿ ಈಜುತ್ತದೆ, ಒಂದು ಈಜುರೆಕ್ಕೆ ನದಿಯ ತಳ ಸವರುವಂತೆ. ಜೂನಿಯರ್‌ಗಳದ್ದು ಇದಕ್ಕೆ ತದ್ವಿರುದ್ಧ. ಚಿತ್ರ ಚೆನ್ನಾಗಿ ಬಂತು ಅನ್ನಿಸಿದ ಕೂಡಲೇ ಫ್ರೀಜ್ ಒತ್ತಿ ಪರದೆ ದಿಟ್ಟಿಸುತ್ತಾರೆ.

ಜಗಳೂರು, ಚನ್ನಗಿರಿ ಕಡೆಯಿಂದ ಮೊದಲ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಬಂದವರ ಪಿತ್ತಕೋಶ ಚೆನ್ನಾಗಿ ತುಂಬಿಕೊಂಡಿರುತ್ತದೆ. ಅಂಗಾತ ಮಲಗಿಸಿದರೆ ಕೆಲವೊಮ್ಮೆ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಎಡಮಗ್ಗುಲಿಗೆ ತಿರುಗಿಸಿ, ಉಸಿರು ಹಿಡಿಸಿ ನೋಡಿ. ಪಿತ್ತಕೋಶದ ಕುತ್ತಿಗೆಯ ಹತ್ತಿರ ಅಡಗಿದ್ದ ಕಲ್ಲು ಉರುಳಿ ಬರುತ್ತದೆ, ಬೆಳ್ಳಗೆ, ಹಿಂದೆ ಕಪ್ಪು ನೆರಳು ಎಳೆದುಕೊಂಡು. ಉರುಳದೆ ಗೋಡೆಗೇ ಅಂಟಿಕೊಂಡು, ನೆರಳೂ ಬೀಳಿಸದಿದ್ದರೆ ಪಾಲಿಪ್, ಅಂದರೆ ಒಳಗೋಡೆಯಿಂದ ಬೆಳೆದ ಸಣ್ಣ ಗಂಟು, ಇರಬಹುದು. ಇದು ನಿಂತ ಚಿತ್ರದಲ್ಲಿ ಗೊತ್ತಾಗುವ ವಿಷಯವೇ ಅಲ್ಲ. ಪ್ರೋಬ್ ಓರೆ ಮಾಡಿ, ರೋಗಿಯನ್ನು ಹೊರಳಿಸಿ, ಆಮೇಲೆ ರಿಪೋರ್ಟ್ ಬರೆಯಿರಿ ಅಂತ ಬೆನ್ನು ಬಿಡದೆ ಹೇಳುತ್ತೇನೆ.

ಎಷ್ಟು ತಿರುಗಿಸಿದರೂ ಕೆಲವು ಸಿಗುವುದಿಲ್ಲ, ಅದನ್ನೂ ಹೇಳಬೇಕು. ಲಿವರ್‌ನಷ್ಟೇ ಬೂದುಬಣ್ಣದ ಗಡ್ಡೆ ಲಿವರ್‌ನೊಳಗೇ ಕರಗಿಹೋಗುತ್ತದೆ. ಅದು ಪಕ್ಕಕ್ಕೆ ತಳ್ಳಿದ ರಕ್ತನಾಳ ನೋಡಿಯೇ ಅನುಮಾನ ಪಡಬೇಕು. ಆಗ ಸಿಟಿ ಸ್ಕ್ಯಾನ್ ಮಾಡಿಸುತ್ತೇವೆ. ಡಾಲ್ಫಿನ್‌ಗೆ ನೈಲಾನ್ ಬಲೆ ಇದೇ ಥರ. ತೆಳು ದಾರ, ತೀರಾ ಮಂದ ಪ್ರತಿಧ್ವನಿ. ಅದು ಸಸ್ತನಿ, ಒಂದೆರಡು ನಿಮಿಷಕ್ಕೊಮ್ಮೆ ಉಸಿರಿಗೆ ಮೇಲೆ ಬರಲೇಬೇಕು. ಬಲೆಗೆ ಸಿಕ್ಕಿದರೆ ಉಸಿರುಗಟ್ಟಿ ಸಾಯುತ್ತದೆ. 2025ರ ಮಾರ್ಚ್‌ನಲ್ಲಿ ಪ್ರಕಟವಾದ ಎಣಿಕೆಯಂತೆ ನಮ್ಮ ದೇಶದಲ್ಲಿ ಗಂಗಾ ಡಾಲ್ಫಿನ್‌ಗಳ ಅಂದಾಜು 6,324. ಇವು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತವೆ. ಹಾಗಾಗಿ ಸತ್ತಷ್ಟು ಬೇಗ ಹುಟ್ಟುವುದಿಲ್ಲ. ಅಣೆಕಟ್ಟು, ಕೊಳಕು ನೀರು ಎಲ್ಲವೂ ಸಮಸ್ಯೆಯೇ. ಆದರೆ ಅವು ಓಡಾಡುವ ಮಡುಗಳಲ್ಲಿ ಬಲೆ ಬಿಡುವುದನ್ನು ಮೊದಲು ನಿಲ್ಲಿಸಬೇಕು, ಬೆಸ್ತರಿಗೆ ಅದರ ನಷ್ಟ ತುಂಬಿಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ.