ಹತ್ತಕ್ಕೆ ಬಂದ ಲಾರಿ ಒಂದೂವರೆಗೆ ಬಂದಂತೆ ಕಂಡಿದ್ದು

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿಗೆ ಹುಬ್ಬಳ್ಳಿಯ ನಮ್ಮ ಸಣ್ಣ ಆಫೀಸಿನಿಂದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ಮೆಣಸಿನಕಾಯಿ ಲಾರಿ ಬಂದ ವೇಳೆ, ಹೋದ ವೇಳೆ ಎಲ್ಲ ಅದರಲ್ಲೇ. ಹಳೇ ದಾಖಲೆಗಳನ್ನು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸಿನ ಹೊಸ ಟೇಬಲ್ಲಿಗೆ ಹಾಕಿದ ಮರುದಿನ ಫೋನ್ ಬಂತು. "ಮುಂಜಾನೆ ಹತ್ತಕ್ಕ ಬಂದ ಲಾರಿ ಇದರಾಗ ಮಧ್ಯಾಹ್ನ ಒಂದೂವರಿಗೆ ಬಂದಂಗ ತೋರಸಾಕತ್ತೈತ್ರೀ."

ಎಲ್ಲ ಲಾರಿಗಳೂ ಮೂರೂವರೆ ತಾಸು ಮುಂದೆ! ಐದೂವರೆ ಆಗಿದ್ದರೆ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮೂಲ ವೇಳೆಯ ಗೊಂದಲ ಅಂತ ಕೂಡಲೇ ಹೊಳೆಯುತ್ತಿತ್ತು. ಅರ್ಧ ದಿನ ಹುಡುಕಿದೆವು. ಕೋಡಿನಲ್ಲಿ ಭಾರತದ ವೇಳೆ ಅಂತ ತಿಳಿದು 'ಐಎಸ್‌ಟಿ' ಅಂತ ಹಾಕಿತ್ತು. ಸೆಟ್ಟಿಂಗ್ ಬದಲಿಸದಿದ್ದರೆ ನಮ್ಮಲ್ಲಿದ್ದ ಪೋಸ್ಟ್‌ಗ್ರೆಸ್ ಆವೃತ್ತಿಗೆ ಐಎಸ್‌ಟಿ ಅಂದರೆ ಇಸ್ರೇಲಿನ ವೇಳೆ, ಯುಟಿಸಿಗಿಂತ 2 ತಾಸು ಮುಂದೆ. ನಮ್ಮದು 5:30 ಮುಂದೆ. ಮೂರೂವರೆ ಬಂದಿದ್ದು ಅಲ್ಲಿಂದ.

ಆ ಕೋಡ್ ಬರೆದ ಹುಡುಗಿಯದು ತಪ್ಪಿಲ್ಲ. ನಾನು ಬರೆದಿಟ್ಟ ಟಿಪ್ಪಣಿಯಲ್ಲಿ ಒಂದೇ ಸಾಲಿತ್ತು: 'ಭಾರತದ ವೇಳೆಗೆ ಅಟ್ ಟೈಮ್ ಝೋನ್ ಐಎಸ್‌ಟಿ ಬಳಸಿ.' ಅವಳು ಅದನ್ನೇ ಮಾಡಿದ್ದಳು. ಇದು ನನಗೆ ಬಹಳ ಬೇಜಾರು ತಂದಿತು.

ಹಳೇ ಟೇಬಲ್ ಹಾಗೇ ಇತ್ತು, ಹಾಗಾಗಿ ದಾಖಲೆ ಸರಿಯಾದವು. ಟಿಪ್ಪಣಿ ತಿದ್ದಲು ಜಾಸ್ತಿ ದಿನ ಹಿಡಿಯಿತು. ಮೊದಲು ಯುಟಿಸಿ ಅಂದರೇನು ಅಂತ ಶುರು ಮಾಡಿ ನಾಲ್ಕು ಪುಟ ಬರೆದೆ. ಅವಳು ಓದಿ ಕೇಳಿದಳು: "ಸರ, ಇದೆಲ್ಲಾ ಖರೇ. ಆದ್ರ ನಾ ಕೊಡೂ ವೇಳೆ ಯಾವುದು, ತಿರುಗಿ ಸಿಗೂದು ಯಾವುದು?"

ತೊಡಕು ಇರುವುದೇ ಅಲ್ಲಿ. 'ಅಟ್ ಟೈಮ್ ಝೋನ್' ಜೊತೆ ಒಂದು ಊರಿನ ಝೋನ್ ಹೆಸರು ಬರೆಯುತ್ತೇವೆ. ಝೋನ್ ಇಲ್ಲದ ವೇಳೆ ಕೊಟ್ಟರೆ, ಅದು ಆ ಊರಿನ ಗಡಿಯಾರದ್ದು ಅಂತ ತಿಳಿದು ಝೋನ್ ಇರುವ ವೇಳೆ ಕೊಡುತ್ತದೆ. ಝೋನ್ ಇರುವುದನ್ನು ಕೊಟ್ಟರೆ, ಆ ಊರಿನ ಗಡಿಯಾರ ಎಷ್ಟು ತೋರಿಸುತ್ತದೋ ಅದನ್ನು ಝೋನ್ ಇಲ್ಲದೆ ಕೊಡುತ್ತದೆ. ಒಂದೇ ಪದ, ಎರಡು ಉಲ್ಟಾ ಕೆಲಸ. ಝೋನ್ ಇರುವ ವೇಳೆಗಾಗಿ ಇರುವ ಟೈಮ್‌ಸ್ಟ್ಯಾಂಪ್‌ಟಿಝೆಡ್ ಕಾಲಮ್ಮು ಝೋನಿನ ಹೆಸರನ್ನು ಇಟ್ಟುಕೊಳ್ಳುವುದೂ ಇಲ್ಲ, ಒಳಗೆ ಯುಟಿಸಿ ಮಾತ್ರ ಇರುತ್ತದೆ.

ಪುಟಗಳನ್ನು ಅಳಿಸಿ ಆ ಹತ್ತು ಗಂಟೆಯ ಲಾರಿಯನ್ನೇ ಉದಾಹರಣೆ ಮಾಡಿದೆ. ಎರಡೂ ದಿಕ್ಕಿಗೆ ಕೊಟ್ಟಿದ್ದು, ಸಿಕ್ಕಿದ್ದು ಪಕ್ಕಪಕ್ಕ. 'ಏಷ್ಯಾ/ಕೋಲ್ಕತಾ' ಅಂತಲೇ ಬರೆಯಿರಿ ಅಂತ ದಪ್ಪ ಅಕ್ಷರದಲ್ಲಿ ಹಾಕಿದೆ. ಸುಮ್ನೆ '+05:30' ಅಂತ ಕೊಟ್ಟರೂ ಆಗಲ್ಲ: ಅಲ್ಲಿ ಪ್ಲಸ್ ಅಂದರೆ ಗ್ರೀನಿಚ್‌ನ ಪಶ್ಚಿಮ, ಅಂದರೆ ಯುಟಿಸಿಗಿಂತ ಹಿಂದೆ, ಲಾರಿ ರಾತ್ರಿ ಒಂಬತ್ತಕ್ಕೆ ಹೋಗಿ ನಿಲ್ಲುತ್ತದೆ.

ಟಿಪ್ಪಣಿಯ ತಲೆಬರಹ ಈಗ ಅವಳ ಪ್ರಶ್ನೆಯೇ, ಅವಳ ಮಾತಿನಲ್ಲೇ.