ಗುಕೇಶ್ ಕಂಪ್ಯೂಟರ್‌ನ ಸೋಲಿಸ್ತಾನಾ?

ನಾನು ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ ಅಂತ ಗೊತ್ತಾದರೆ ಸಾಕು, ಮದುವೆಮನೆಯ ಊಟದ ಪಂಕ್ತಿಯಲ್ಲೂ ಈ ಪ್ರಶ್ನೆ ಬರುತ್ತದೆ. 2024ರ ಡಿಸೆಂಬರ್‌ನಲ್ಲಿ ಗುಕೇಶ್ ಸಿಂಗಾಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ, 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ ಮೇಲಂತೂ ಇದು ಜಾಸ್ತಿಯಾಗಿದೆ. “ಅಲ್ಲ ಮೇಷ್ಟ್ರೇ, ನಮ್ಮ ಹುಡುಗ ಮನಸ್ಸು ಮಾಡಿದ್ರೆ ಕಂಪ್ಯೂಟರ್‌ನ ಸೋಲಿಸಲ್ವಾ?”

ಇಲ್ಲ. ಗುಕೇಶೂ ಇಲ್ಲ, ಹಿಂದೆ ವಿಶ್ವ ಚಾಂಪಿಯನ್ ಆಗಿದ್ದ ಕಾರ್ಲ್‌ಸನ್ನೂ ಇಲ್ಲ. ದೊಡ್ಡ ಕಂಪ್ಯೂಟರೇ ಬೇಕಾಗಿಲ್ಲ. ಸ್ಟಾಕ್‌ಫಿಶ್ ಅನ್ನೋ ಪ್ರೋಗ್ರಾಂ ಪುಕ್ಕಟೆ ಸಿಗುತ್ತದೆ, ನಿಮ್ಮ ಜೇಬಿನಲ್ಲಿರುವ ಮೊಬೈಲ್‌ಗೆ ಹಾಕಿಕೊಂಡರೆ ಆಯಿತು. ಟೂರ್ನಮೆಂಟ್‌ಗಳಲ್ಲಿ ಆಟಗಾರರು ಮೊಬೈಲ್ ಇಟ್ಟುಕೊಳ್ಳುವ ಹಾಗಿಲ್ಲ, ಗೊತ್ತಲ್ಲ? ಅದು ಇದಕ್ಕೇ.

ಈ ಮಾತು ಬಂದಾಗ ಎಲ್ಲರೂ 1997ರ ಕತೆ ತೆಗೆಯುತ್ತಾರೆ. ನ್ಯೂಯಾರ್ಕ್‌ನಲ್ಲಿ ಐಬಿಎಂನ ಚೆಸ್ ಕಂಪ್ಯೂಟರ್ ಡೀಪ್ ಬ್ಲೂ ಆಗಿನ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಮೂರೂವರೆ–ಎರಡೂವರೆಯಿಂದ ಸೋಲಿಸಿತು, ನಿಜ. ಆದರೆ ಅದರ ಹಿಂದಿನ ವರ್ಷ ಫಿಲಡೆಲ್ಫಿಯಾದಲ್ಲಿ ಅದೇ ಕಾಸ್ಪರೋವ್ 4–2 ಗೆದ್ದಿದ್ದರು. 97ರ ಎರಡನೇ ಆಟದಲ್ಲಿ ಅವರು ಸೋಲೊಪ್ಪಿಕೊಂಡು ಎದ್ದಾಗ ಡ್ರಾ ಮಾಡಿಕೊಳ್ಳುವ ದಾರಿ ಇನ್ನೂ ಇತ್ತು ಅಂತ ಆಮೇಲೆ ಗೊತ್ತಾಯಿತು. ಅಂದರೆ ಆಗಿನ್ನೂ ಜಿದ್ದಾಜಿದ್ದಿ ಇತ್ತು.

ನನ್ನ ಲೆಕ್ಕದಲ್ಲಿ ಕತೆ ಮುಗಿದಿದ್ದು 2006ರ ಕೊನೆಗೆ, ಜರ್ಮನಿಯ ಬಾನ್‌ನಲ್ಲಿ. ಆಗಿನ ವಿಶ್ವ ಚಾಂಪಿಯನ್ ಕ್ರಾಮ್ನಿಕ್ ಡೀಪ್ ಫ್ರಿಟ್ಜ್ ಅನ್ನೋ ಚೆಸ್ ಪ್ರೋಗ್ರಾಂ ಎದುರು ಆಡುತ್ತಿದ್ದರು. ಎರಡನೇ ಆಟ, ಕಪ್ಪು ಕಾಯಿ. ಯಾವ ಅಪಾಯವೂ ಇದ್ದ ಹಾಗಿರಲಿಲ್ಲ. 34ನೇ ನಡೆಗೆ ರಾಣಿಯನ್ನು ಇ3 ಮನೆಗೆ ತಂದಿಟ್ಟರು. ರಾಣಿ ರಾಣಿ ಹೊಡೆದುಕೊಂಡರೆ ಮುಂದಿನದು ಸುಲಭ ಅಂತ ಲೆಕ್ಕ. ಆರಾಮಾಗಿ ಎದ್ದರು, ಕಪ್ ಕೈಗೆತ್ತಿಕೊಂಡು ವಿಶ್ರಾಂತಿ ಕೋಣೆ ಕಡೆ ಹೊರಟರು. ಇತ್ತ ಫ್ರಿಟ್ಜ್ ಪರವಾಗಿ ಕಾಯಿ ನಡೆಸಲು ಕೂತಿದ್ದವರು ಪರದೆ ನೋಡುತ್ತಾರೆ, ಬೋರ್ಡ್ ನೋಡುತ್ತಾರೆ, ಮತ್ತೆ ಪರದೆ ನೋಡುತ್ತಾರೆ. ನಡೆ ತಪ್ಪಾಗಿ ಒತ್ತಿಬಿಟ್ಟೆನಾ ಅಂತ ಅನುಮಾನ. ತಪ್ಪೇನೂ ಆಗಿರಲಿಲ್ಲ. ಎಫ್8ರಲ್ಲಿ ಬಿಳಿ ಕುದುರೆ ಕಾವಲಿಗಿತ್ತು, ಬಿಳಿ ರಾಣಿ ಎಚ್7ಕ್ಕೆ ಹೋದರೆ ಒಂದೇ ನಡೆಗೆ ಚೆಕ್‌ಮೇಟ್! ಕ್ರಾಮ್ನಿಕ್ ಒಮ್ಮೆ ಹಣೆ ಹಿಡಿದುಕೊಂಡರು, ಕೂತು ಸ್ಕೋರ್‌ಶೀಟ್‌ಗೆ ಸಹಿ ಹಾಕಿ ಹೋದರು.

ನನ್ನ ಹತ್ತಿರ ಬರುವ ಎಂಟು ವರ್ಷದ ಮಕ್ಕಳು ಇಂಥ ತಪ್ಪು ಮಾಡಿದರೆ ಗದರುತ್ತೇನೆ. ಚಾಂಪಿಯನ್‌ಗೂ ಆಗುತ್ತದೆ, ಏಕೆಂದರೆ ತಲೆ ದಣಿಯುತ್ತದೆ. ಫ್ರಿಟ್ಜ್‌ಗೆ ಆ ರೋಗವಿಲ್ಲ. ಪಂದ್ಯ 4–2ಕ್ಕೆ ಮುಗಿಯಿತು. ಕ್ರಾಮ್ನಿಕ್ ಒಂದು ಆಟವನ್ನೂ ಗೆಲ್ಲಲಿಲ್ಲ.

ಇನ್ನೊಂದು ಸಂಗತಿ ನೋಡಿ. ಡೀಪ್ ಬ್ಲೂ ಸೆಕೆಂಡಿಗೆ ಬೋರ್ಡಿನ ಸುಮಾರು 20 ಕೋಟಿ ಸ್ಥಿತಿಗಳನ್ನು ನೋಡುತ್ತಿತ್ತು. ಫ್ರಿಟ್ಜ್ ನೋಡುತ್ತಿದ್ದುದು 80 ಲಕ್ಷದಷ್ಟು. ಲೆಕ್ಕ ಕಡಿಮೆ, ಆಟ ಮಾತ್ರ ಗಟ್ಟಿ. ಯಾವ ನಡೆ ಕೆಲಸಕ್ಕೆ ಬಾರದ್ದು ಅಂತ ಬೇಗ ಕೈಬಿಡುವುದನ್ನು ಪ್ರೋಗ್ರಾಂ ಬರೆಯುವವರು ಅಷ್ಟರಲ್ಲಿ ಕಲಿತಿದ್ದರು. 2020ರಲ್ಲಿ ಸ್ಟಾಕ್‌ಫಿಶ್‌ಗೆ ನ್ಯೂರಲ್ ನೆಟ್‌ವರ್ಕ್ (ಉದಾಹರಣೆಗಳಿಂದ ಕಲಿಯುವ ವ್ಯವಸ್ಥೆ) ಕೂಡಿಸಿದ ಮೇಲೆ ಬೋರ್ಡ್ ನೋಡಿ ಅಂದಾಜು ಮಾಡುವುದರಲ್ಲೂ ಅದು ಮುಂದೆ ಹೋಯಿತು. ಕಾರ್ಲ್‌ಸನ್ ಮುಟ್ಟಿದ ಅತಿ ಹೆಚ್ಚಿನ ರೇಟಿಂಗ್, ಅಂದರೆ ಆಟದ ಬಲ ಅಳೆಯುವ ಅಂಕ, 2882. ಎಂಜಿನ್‌ಗಳ, ಅಂದರೆ ಚೆಸ್ ಆಡುವ ಪ್ರೋಗ್ರಾಂಗಳ ಪಟ್ಟಿಯಲ್ಲಿ ಸ್ಟಾಕ್‌ಫಿಶ್ 3500 ದಾಟಿದೆ. ಎರಡೂ ಬೇರೆ ಬೇರೆ ಪಟ್ಟಿ, ನೇರ ಹೋಲಿಸುವ ಹಾಗಿಲ್ಲ. ಆದರೂ ಅಂತರ ಎಂಥದ್ದು ಅಂತ ತಿಳಿಯುತ್ತದಲ್ವಾ?

ಗುಕೇಶ್ ಬಿಳಿ ಕಾಯಿ ಹಿಡಿದು, ಎಲ್ಲ ಹೊಡೆದುಕೊಂಡು ಸಪ್ಪೆಯಾಗಿ ಆಡಿದರೆ ಆಗೊಮ್ಮೆ ಈಗೊಮ್ಮೆ ಡ್ರಾ ಆದೀತು. ಅಷ್ಟೇ.

ಅದಕ್ಕೇ ನಾನು ಕೇಳಿದವರಿಗೆ ತಿರುಗಿ ಕೇಳುತ್ತೇನೆ: ಕಂಪ್ಯೂಟರ್ ಎಷ್ಟು ಕಾಯಿ ಬಿಟ್ಟುಕೊಟ್ಟರೆ ಆಟ ಸಮ ಆಗುತ್ತೆ? 2016ರಲ್ಲಿ ಕೊಮೊಡೊ ಎಂಬ ಎಂಜಿನ್ ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ನಕಮುರಾಗೆ ಹೀಗೇ ರಿಯಾಯ್ತಿ ಕೊಟ್ಟು ನಾಲ್ಕು ಆಟ ಆಡಿತು. ಮೂರು ಡ್ರಾ. ನಾಲ್ಕನೆಯದರಲ್ಲಿ ನಕಮುರಾ ಸೋತರು. ಈಗ ಲೀಲಾ ಎಂಬ ಎಂಜಿನ್‌ನ ಒಂದು ಬಗೆಯಿದೆ. ಅದು ಒಂದು ಕುದುರೆ ಇಲ್ಲದೆಯೇ ಶುರು ಮಾಡುತ್ತದೆ. ಕೆಲವೇ ನಿಮಿಷದ ಬ್ಲಿಟ್ಜ್ ಆಟದಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳೇ ಅದಕ್ಕೆ ಸೋಲುತ್ತಾರೆ.

ಹೋದ ಭಾನುವಾರ ಸುಮ್ನೆ ನಾನೂ ಮೊಬೈಲ್ ಜೊತೆ ಕೂತೆ. ಅದರ ಕುದುರೆ ತೆಗೆಸಿ ಆಡಿದೆ, ಸೋತೆ. ಆನೆ ತೆಗೆಸಿದೆ, ಮತ್ತೆ ಸೋತೆ. ರಾಣಿಯನ್ನೇ ಎತ್ತಿಟ್ಟ ಮೇಲೆ ಗೆದ್ದೆ. ಅದೂ ಎರಡನೇ ಸಲಕ್ಕೆ.